ಬಾಗಿದ ಉಂಗುರ

ಒಕ್ಬುನ್‌ಳ ಉಂಗುರವನ್ನು ಮೂಸೆಯಲ್ಲಿ ಕರಗಿಸಿದ ಮೇಲೆ ಗಿಲ್ಸು ಎರಡು ಸಲ ಕೈ ತೊಳೆದುಕೊಂಡ. ಮೇಜಿನ ಮೇಲೆ ಅಂಥದೇ ಇನ್ನೊಂದು ಉಂಗುರ ಸಿದ್ಧವಾಗಿತ್ತು. ಅದೇ ಬಳ್ಳಿ, ಅದೇ ಎರಡು ಎಲೆ. ಯಾರೂ ಕಂಡುಹಿಡಿಯಲಾರರು.

ಸೋಲ್‌ನ ಜೊಂಗ್ನೊ ಬೀದಿಯಲ್ಲಿ ಅವನು ನಲವತ್ತು ವರ್ಷದಿಂದ ಅಕ್ಕಸಾಲಿಗ. ಗಿರಾಕಿಗೆ ಹೇಳದೆ ಒಡವೆ ಬದಲಿಸಿದ್ದು ಇದೇ ಮೊದಲು.

ಉಂಗುರ ಬಿಗಿಯಾಗಿದೆ, ಸಡಿಲ ಮಾಡಿಕೊಡು ಎಂದು ಒಕ್ಬುನ್ ಹೋದ ವಾರ ಬಂದಿದ್ದಳು. ಸಂತೆಯಲ್ಲಿ ಕೋಸಿನ ಖಾರದ ಕಿಮ್ಚಿ ಮಾರುವ ಮುದುಕಿ.

"ಯಜಮಾನ್ರು ಮದುವೇಲಿ ತೊಡಿಸಿದ್ದು ತಮ್ಮಾ. ಅವರಂತೂ ಹೋದ್ರು. ಇದಕ್ಕಿಂತ ದೊಡ್ಡ ಆಸ್ತಿ ನನಗಿಲ್ಲ. ಜೋಪಾನ."

ಅಗಲಿಸಲು ಉಂಗುರ ಕತ್ತರಿಸಿದ ಗಿಲ್ಸು ಆ ತುಂಡಾದ ಜಾಗವನ್ನೇ ಬಹಳ ಹೊತ್ತು ನೋಡಿದ್ದ. ಆಮೇಲೆ ಎದ್ದು ಅಂಗಡಿಯ ಬಾಗಿಲು ಹಾಕಿದ್ದ.

"ರೀ, ನಿಮ್ಮ ಅರವತ್ತಕ್ಕೆ ಮಕ್ಕಳು ಕೊಟ್ಟ ಚಿನ್ನದ ಆಮೆ ಎಲ್ಲಿ?" ಹೆಂಡತಿ ಮ್ಯೊಂಗ್ಜಾ ಒಳಗಿನಿಂದ ಕೇಳಿದಳು.

"ಮೆರುಗು ಹಾಕೋಕೆ ಕೊಟ್ಟಿದೀನಿ."

"ಅಕ್ಕಸಾಲಿಗ ನೀವು. ಇನ್ನ್ಯಾರಿಗೆ ಕೊಟ್ರಿ? ಮತ್ತೆ ಇಸ್ಪೀಟ್ ಆಡೋಕೆ ಕೂತ್ರಾ?"

ಗಿಲ್ಸು ಮೂಸೆಯನ್ನು ಬಟ್ಟೆಯಡಿ ಸರಿಸಿದ.

ಸಂಜೆ ಒಕ್ಬುನ್ ಬಂದು ಉಂಗುರ ತೊಟ್ಟುಕೊಂಡಳು. ಹೋಗುವಾಗ ಬಿಸಿ ಹೆಸರುಬೇಳೆ ದೋಸೆಯ ಪೊಟ್ಟಣ ಇಟ್ಟಳು. "ತಿನ್ನಪ್ಪ, ಸೊರಗಿದೀಯ. ನಿನ್ನಷ್ಟು ನಂಬಿಕಸ್ಥ ಈ ಬೀದೀಲಿ ಇನ್ನೊಬ್ಬನಿಲ್ಲ." ಗಿಲ್ಸು ಪೊಟ್ಟಣ ಬಿಚ್ಚದೆ ಪಕ್ಕಕ್ಕಿಟ್ಟ.

ಮೂರನೆಯ ದಿನ ಅವಳು ಬಾಗಿಲು ತಳ್ಳಿಕೊಂಡು ಬಂದಳು. ಕೈಯಲ್ಲಿ ಇನ್ನೂ ಮೆಣಸಿನ ಕೆಂಪು.

"ಇದು ನನ್ನದಲ್ಲ."

"ನಿಮ್ಮದೇ ಅಕ್ಕಾ. ಮೆರುಗು ಕೊಟ್ಟಿದೀನಿ, ಹಾಗೆ ಕಾಣ್ತದೆ."

"ಯಾರ ಕಿವಿಗೆ ಹೂ ಇಡ್ತೀಯ? ಐವತ್ತು ವರ್ಷ ಕೋಸಿಗೆ ಖಾರ ತಿಕ್ಕಿದೀನಿ, ನನ್ನ ಉಂಗುರ ಕೂದಲೆಳೆಯಷ್ಟೂ ಬಾಗಲಿಲ್ಲ. ಇದು ಎರಡೇ ದಿನಕ್ಕೆ ಸೊಟ್ಟ! ಎಲ್ಲಿ ನನ್ನದು?"

ಗಿಲ್ಸುವಿಗೆ ತಲೆ ಎತ್ತಲಾಗಲಿಲ್ಲ. "ಕರಗಿಸಿಬಿಟ್ಟೆ ಅಕ್ಕಾ. ನಿಮಗೆ ಗೊತ್ತಾಗಬಾರದು ಅಂತ..."

ಒಕ್ಬುನ್ ಉಂಗುರ ಕಳಚಿ ಮೇಜಿನ ಮೇಲಿಟ್ಟು ಕುಳಿತಳು. ಮ್ಯೊಂಗ್ಜಾ ಬಾರ್ಲಿ ಚಹಾ ತಂದು, ಲೋಟವನ್ನು ಅವಳ ಎರಡೂ ಕೈಗಳ ನಡುವೆ ಇಟ್ಟು ಹಿಡಿದುಕೊಂಡಳು.

"ಏನು ಗೊತ್ತಾಗಬಾರದು? ಒಳಗೆಲ್ಲ ಹಿತ್ತಾಳೆ ಅಂತ ಯಜಮಾನ್ರು ಮದುವೆ ದಿನಾನೇ ಕಿವೀಲಿ ಹೇಳಿದ್ರು, ವರ್ಷಾ ವರ್ಷಾ ತಾವೇ ಒಯ್ದು ಚಿನ್ನದ ಲೇಪ ಹಾಕಿಸ್ಕೊಂಡು ಬರ್ತಿದ್ರು," ಎಂದಳು ಒಕ್ಬುನ್. "ಮುಟ್ಟಿದ್ರೆ ಬಾಗೋ ನಿನ್ನ ಈ ಅಪ್ಪಟ ಚಿನ್ನ ಇಟ್ಕೊಂಡು ನಾನೇನು ಮಾಡ್ಲಿ, ತಮ್ಮಾ?"