ಈರಕ್ಕ ಎಳೆದ ಗೀಟು

“ಇಲ್ಲಿ ತಪ್ಪೈತೆ ಕಣವ್ವಾ,” ಎಂದು ಕುರಿ ಸಾಕುವ ಈರಕ್ಕ ಚಿತ್ರದ ಮೇಲೆ ಬೆರಳಿಟ್ಟಳು. ಚಿತ್ರ ತಂದಿದ್ದ ಖುಷ್ನುಮಾ ಹತ್ತಿರ ಸರಿದಳು. “ಕುರಿಯಿಂದ ಒಂದೇ ಮನೆಗೆ ಗೀಟು ಎಳ್ದಿದ್ದೀಯ. ನಾನು ಮೇಯ್ಸೋದು ಪಾಲಿಗೆ ತಂದ ಬೇರೆಯೋರ ಕುರಿ. ಕುರಿ ಯಜಮಾನ ಸಿರಾದಲ್ಲವ್ನೆ. ಲಸಿಕೆ ಆಕೋ ದಿನ ಅವ್ನ ಫೋನಿಗೆ ಮೆಸೇಜ್ ಬಂದ್ರೆ ನಂಗೆ ಹೆಂಗ್ ಗೊತ್ತಾಯ್ತದೆ?”

ಮಿಡಿಗೇಶಿ ಸುತ್ತಮುತ್ತಲ ಕುರಿಗಳ ಲಸಿಕೆಗೆಂದು ತಯಾರಾದ ಆ್ಯಪ್‌ನ ವಿನ್ಯಾಸ ಖುಷ್ನುಮಾಳದು. ಯಾವ ಕುರಿಯ ಮೆಸೇಜು ಯಾರ ಫೋನಿಗೆ ಎಂದು ಪುಸ್ತಕದಲ್ಲಿ ಕಲಿತಂತೆ ಚೌಕ, ಬಾಣಗಳ ನಕ್ಷೆ ಬರೆದು ಮೂರು ತಿಂಗಳು ಊರೂರಿಗೆ ಹೋಗಿ ತೋರಿಸಿದ್ದಳು. ಎಲ್ಲರೂ “ಸರಿಯಾಗೈತೆ ಬುಡಮ್ಮ” ಎಂದು ತಲೆಯಾಡಿಸಿದ್ದರು. ಆದರೆ ಆ ನಕ್ಷೆ ನಂಬಿ ಮಾಡಿದ ಆ್ಯಪ್ ಮೊದಲ ಸುತ್ತಿನ ಲಸಿಕೆಯಲ್ಲೇ ಎಡವಿತು. ಅರ್ಧಕ್ಕರ್ಧ ಕುರಿಗಳು ಲಸಿಕೆಗೆ ಬರಲೇ ಇಲ್ಲ. “ಇವರಿಗೆ ನಕ್ಷೆ ಅರ್ಥ ಆಗಲ್ಲ, ಕೇಳೋದೇ ಬಿಡಿ,” ಎಂದಿದ್ದರು ಮೇಲಧಿಕಾರಿ ಪ್ರಸನ್ನ ಕುಮಾರ್. ಅರ್ಥವಾಗುವಂತೆ ಬರೆಯುವುದು ತನ್ನ ಕೆಲಸವೆಂದು ಹಟ ಹಿಡಿದು, ಅವಳು ಚೌಕಗಳ ಬದಲು ಕುರಿ, ಮನೆ, ಫೋನುಗಳ ಚಿತ್ರ ಬಿಡಿಸಿ ತಂದಿದ್ದಳು.

ಈಗ ಪೆನ್ನನ್ನೇ ಈರಕ್ಕನ ಕೈಗಿತ್ತಳು. ಈರಕ್ಕ ನಾಲಿಗೆ ಕಚ್ಚಿಕೊಂಡು, ಕುರಿಯ ಪಕ್ಕ ಇನ್ನೊಂದು ಪುಟ್ಟ ಮನೆ ಬರೆದು, ಒತ್ತಿ ಗೀಟೆಳೆದಳು. “ಇದು ನಮ್ಮನೆ. ಮೆಸೇಜು ಇಲ್ಲಿಗೂ ಬರ್ಬೇಕು.”

ಜೊತೆಗೆ ಬಂದಿದ್ದ ಪ್ರಸನ್ನ ಕುಮಾರ್ ಬಗ್ಗಿ ಆ ಗೀಟನ್ನೇ ನೋಡಿದರು. “ಮೂರು ತಿಂಗಳು ನಾವ್ಯಾರೂ ಕಾಣದ್ದನ್ನ ಇವರು ಐದು ನಿಮಿಷದಲ್ಲಿ ಹಿಡಿದ್ರಲ್ರೀ! ಇನ್ಮೇಲೆ ಪಾವಗಡ, ಕೊರಟಗೆರೆಗೂ ನಿಮ್ಮ ಚಿತ್ರಾನೇ ತಗೊಂಡು ಹೋಗೋಣ.” ಖುಷ್ನುಮಾ ಈರಕ್ಕನ ಎರಡೂ ಕೈ ಹಿಡಿದು ಕುಣಿಸಿಬಿಟ್ಟಳು.