ತಾನೇ ಸುತ್ತುವ ರೀಲು

"ಬಿತ್ತು ಅತ್ತಿಗೆ, ಬಿತ್ತು! ಗುಂಡಿ ಒತ್ತೋಕೆ ಹೇಳಿ ಅಣ್ಣಂಗೆ!" ಚುಕ್ಕಾಣಿ ಹಿಡಿದಿದ್ದ ತಾಮೊತ್ಸು ಕೂಗಿದ. ದೋಣಿಯ ಅಂಚಿಗೆ ಸಿಕ್ಕಿಸಿದ್ದ ಗಾಳದ ಕೋಲು ಬಾಗಿ, ಅದರ ತುದಿ ನೀರು ಮುಟ್ಟುತ್ತಿತ್ತು. ಗೆಂಜಿರೊ ಎಡಗೈ ಹೆಬ್ಬೆರಳಿನಿಂದ ಗುಂಡಿ ಒತ್ತಿದ. ಹೊಸ ರೀಲು ಗುಂಯ್ ಎನ್ನುತ್ತಾ ತಾನಾಗಿಯೇ ದಾರ ಸುತ್ತತೊಡಗಿತು.

ನೊಬುಯೊ ನೀರಿನ ಕಡೆ ನೋಡಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು. ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋದಾಗ ಗೋಡೆಗೆ ತಿರುಗಿದ್ದ ಮುಖ ಅದು. ಊರಿನವರ ತಲೆಗೂದಲು ಕತ್ತರಿಸಿ ಬದುಕಿದವನು. ಸೋಮವಾರ ಕ್ಷೌರದಂಗಡಿಗೆ ರಜೆ ಬಂತೆಂದರೆ ಬೆಳಕು ಹರಿಯುವ ಮೊದಲೇ ಸಮುದ್ರದ ಮೇಲೆ ಇರುತ್ತಿದ್ದ. ಈಗ ಕತ್ತರಿಯೂ ಇಲ್ಲ, ಸೋಮವಾರವೂ ಇಲ್ಲ. ಮುಂದೆ ಅನ್ನ ಇಟ್ಟರೆ ಉಣ್ಣುತ್ತಿದ್ದ, ಇಡದಿದ್ದರೆ ಕೇಳುತ್ತಿರಲಿಲ್ಲ. ಹೀಗೇ ಬಿಟ್ಟರೆ ಈ ಚಳಿಗಾಲ ದಾಟುವುದಿಲ್ಲ ಎಂದು ಅವಳ ಮನಸ್ಸು ಹೇಳುತ್ತಿತ್ತು.

ಅದಕ್ಕೇ ಅವಳು ಗಾಳದ ಸಾಮಾನಿನ ಅಂಗಡಿಗೆ ಹೋಗಿ, ಒಂದೇ ಕೈಯಲ್ಲಿ ನಡೆಯುವಂಥದ್ದು ಕೊಡಿ ಎಂದು ಕೇಳಿದ್ದಳು. "ಕೈ ಯಾಕಮ್ಮ, ಒಂದು ಬೆರಳಿದ್ರೆ ಸಾಕು," ಎಂದಿದ್ದ ಅಂಗಡಿಯವನು. "ಗಾಳ ಎಷ್ಟು ಆಳದಲ್ಲಿದೆ ಅಂತ ಇದೇ ತೋರಿಸತ್ತೆ. ಇದೇ ಎಳೆಯತ್ತೆ. ಮೀನು ದೋಣಿ ಹತ್ರ ಬಂದ್ರೆ ಇದೇ ನಿಂತ್ಕೊಂಡು ಪೀಂ ಪೀಂ ಅಂತ ಕೂಗತ್ತೆ." ಅವಳು ಮನೆಗೆ ತಂದು, ಉಪ್ಪಿನಕಾಯಿ ಪೀಪಾಯಿಯ ಮೇಲೆ ಹೇರುವ ಗುಂಡುಕಲ್ಲಿಗೆ ದಾರ ಕಟ್ಟಿ, ಒಂದೊಂದೇ ಗುಂಡಿ ಒತ್ತಿ ಕಲಿತಿದ್ದಳು. ಕಲ್ಲು ಪಡಸಾಲೆಯ ಹಲಗೆ ಗೀಚುತ್ತಾ ಅವಳ ಮಂಡಿಯ ತನಕ ತೆವಳಿ ಬಂದಿತ್ತು. ಆ ಸದ್ದಿಗೆ ಗೆಂಜಿರೊ ತಲೆ ಎತ್ತಿ ನೋಡಿದ್ದ. ಅಷ್ಟೇ. ಅಷ್ಟಕ್ಕೇ ಅವಳಿಗೆ ಆಸೆ ಹುಟ್ಟಿಬಿಟ್ಟಿತ್ತು.

"ದೊಡ್ಡ ಬುರಿ ಮೀನೇ ಕಣಣ್ಣ! ಹಿಮಿ ಬಂದರಲ್ಲೇ ಈ ವರ್ಷ ಇಷ್ಟು ದೊಡ್ಡದು ಯಾರಿಗೂ ಬಿದ್ದಿಲ್ಲ," ಎಂದ ತಾಮೊತ್ಸು. "ಕರೆಂಟಿನ ರೀಲು ಅಂದ್ರೆ ಬಾವಿ ಪಂಪು ಅಂತ ನನ್ನ ಆಡ್ಕೋತಿದ್ಯಲ್ಲ, ಈಗ ನಿನ್ನ ಪಂಪು ಹೆಂಗಿದೆ?"

"ನೀನು ಬಾಯಿ ಮುಚ್ಕೊಂಡು ದೋಣಿ ನೋಡ್ಕೋ," ಎಂದಳು ನೊಬುಯೊ.

ರೀಲಿನ ಕಿಟಕಿಯಲ್ಲಿ ಆಳದ ಅಂಕಿ ಇಳಿಯುತ್ತಿತ್ತು. ಎಪ್ಪತ್ತು, ಅರವತ್ತೈದು, ಅರವತ್ತು. ಮೀನು ಜಗ್ಗಿದರೆ ರೀಲು ತಾನೇ ಸಡಿಲ ಬಿಡುತ್ತಿತ್ತು, ದಣಿದರೆ ತಾನೇ ಎಳೆದುಕೊಳ್ಳುತ್ತಿತ್ತು. ಗೆಂಜಿರೊ ಎಡಗೈಯನ್ನು ತೆಗೆದು ಮಡಿಲಲ್ಲಿದ್ದ ಬಲಗೈಯ ಮೇಲೆ ಇಟ್ಟುಕೊಂಡು, ಬಸ್ಸಿಗೆ ಕಾಯುವವನ ಹಾಗೆ ಕೂತ.

"ಹಿಡ್ಕೊಳ್ರೀ, ನಿಮ್ಮ ಮೀನು."

"ನಂದು ಹೆಂಗಾಗತ್ತೆ?" ಎಂದ ಅವನು. "ಈ ರೀಲೊಂದನ್ನೇ ಕಳಿಸಿದ್ರೆ ಸಾಕಿತ್ತಲ್ಲೇ. ನನ್ನನ್ಯಾಕೆ ಹೊತ್ಕೊಂಡು ಬಂದೆ?"

ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ನೊಬುಯೊ ಬಗ್ಗಿ ರೀಲಿನ ಬ್ಯಾಟರಿಯ ವೈರು ಕಿತ್ತಳು.

ಗುಂಯ್ ಸದ್ದು ನಿಂತಿತು. ದೋಣಿಯ ಹೊಟ್ಟೆಗೆ ನೀರು ಬಡಿಯುವುದು ಈಗ ಕೇಳಿಸಿತು.

"ಅತ್ತಿಗೆ! ತಲೆಗಿಲೆ ಕೆಟ್ಟಿದೆಯಾ? ಚುಚ್ಚಿ ವೈರನ್ನ, ಮೀನು ಹೋಗತ್ತೆ!"

ಅವಳು ಚುಚ್ಚಲಿಲ್ಲ. ಕೋಲು ಒದ್ದಾಡಿತು, ದಾರ ಕರ್ರೆಂದು ಬಿಚ್ಚಿಕೊಂಡು ಓಡತೊಡಗಿತು. ಗೆಂಜಿರೊ ಹೆಂಡತಿಯ ಮುಖ ನೋಡಿದ, ಅಂಕಿ ಆರಿಹೋದ ಕಿಟಕಿ ನೋಡಿದ. ಆಮೇಲೆ ಎಡಗೈ ಎತ್ತಿ ರೀಲಿನ ಮುಂದೆ ದಾರವನ್ನು ಬರಿಗೈಯಲ್ಲೇ ಹಿಡಿದ. ದಾರ ಓಡಿತು, ನಿಂತಿತು, ಮತ್ತೆ ಓಡಿತು. ಅವನ ಕತ್ತಿನ ನರ ಉಬ್ಬಿದವು.

"ಮೀನು ತಲೆ ಕೊಡವ್ತಿದೆ," ಎಂದ ಮೆಲ್ಲಗೆ. ಮರುಕ್ಷಣ ಹಳೆಯ ಸೋಮವಾರಗಳ ಗಂಟಲಿನಲ್ಲಿ ಕೂಗಿದ: "ಲೋ ತಾಮೊತ್ಸು, ಬಂಡೆ ಸಂದಿಗೆ ನುಗ್ತಿದೆ ಕಣೋ! ಬಲಕ್ಕೆ ತಿರುಗ್ಸು, ಬಲಕ್ಕೆ!"

ದೋಣಿ ಬಲಕ್ಕೆ ತಿರುಗಿತು. ಅವನು ಒಂದು ಮೊಳ ದಾರ ಎಳೆದ, ಇನ್ನೊಂದು ಮೊಳ ಎಳೆದ. ಎಳೆದದ್ದನ್ನು ಸುತ್ತಲು ಇನ್ನೊಂದು ಕೈ ಬೇಕಿತ್ತು.

"ಸುತ್ತೇ! ಹಿಡಿ ತಿರುಗ್ಸೇ!"

ನೊಬುಯೊ ರೀಲಿನ ಹಿಡಿಗೆ ಕೈ ಹಾಕಿದಳು. ಗುಂಡಿಗಳೆಲ್ಲ ಅವಳಿಗೆ ಬಾಯಿಪಾಠ. ಹಿಡಿಯನ್ನು ಮಾತ್ರ ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಹಿಂದಕ್ಕೆ ಒತ್ತಿದಳು, ಅಲುಗಲಿಲ್ಲ. ಮುಂದಕ್ಕೆ ಎಂದು ತಿಳಿಯುವಷ್ಟರಲ್ಲಿ ಕೋಲು ನೆಟ್ಟಗೆ ನಿಂತಿತ್ತು. ದಾರ ನೀರಿನ ಮೇಲೆ ಜೋಲಾಡಿತು.

"ಹೋಯ್ತು," ಎಂದ ಗೆಂಜಿರೊ.

ತಾಮೊತ್ಸು ಇಬ್ಬರ ಮುಖ ನೋಡಿ, ದೋಣಿಯನ್ನು ಬಂದರಿನ ಕಡೆ ತಿರುಗಿಸಿದ. ಸಣ್ಣಗೆ ಹಿಮ ಉದುರತೊಡಗಿತು. ನೊಬುಯೊ ಬಿಸಿ ಚಹಾ ಬಗ್ಗಿಸಿ ಮುಂದೆ ಹಿಡಿದಳು. ತೆಗೆದುಕೊಳ್ಳಲು ಅವನಿಗೆ ಇದ್ದದ್ದು ಎಡಗೈ ಒಂದೇ. ಅದನ್ನು ಅವನು ಮುಷ್ಟಿ ಕಟ್ಟಿದ್ದ.

"ದಾರ ಕೈ ಕೊಯ್ದಿದೆ. ಮುಷ್ಟಿ ಬಿಚ್ರೀ, ಬಟ್ಟೆ ಕಟ್ತೀನಿ."

"ಬೇಡ."

ಅವನ ಮುಖ ಮತ್ತೆ ಅತ್ತ ತಿರುಗಿತು, ಈ ಸಲ ನೀರಿನ ಕಡೆಗೆ. ಅವಳ ಕೈಯಲ್ಲಿ ಚಹಾ ಆರಿತು. ಮುಷ್ಟಿಯ ಸಂದಿಯಿಂದ ರಕ್ತ ತೊಟ್ಟು ತೊಟ್ಟಾಗಿ ಮಡಿಲಲ್ಲಿದ್ದ ಬಲಗೈಯ ಮೇಲೆ ಬೀಳುತ್ತಿತ್ತು. ಆ ಕೈಗೆ ಅದು ತಿಳಿಯಲಿಲ್ಲ.