ಊಟದ ಡಬ್ಬಿಯ ಪುಟ

"ಮೇಷ್ಟ್ರೇ, ಆ ಅಮ್ಮ ಮತ್ತೆ ಬಂದಿದ್ದಾರೆ," ಎಂದಳು ಶಿಗೆನೊ.

ಇನುಯಿ ಆಗ ಕೊಲೆಗಾರನ ತುಟಿಗೆ ನಗು ಬರೆಯುತ್ತಿದ್ದ. ಕೈ ಅಲುಗಲಿಲ್ಲ. ಇಷ್ಟೊಂದು ಹೆಣ ಬರೆದ ಮೇಲೆ ಅವನ ಕೈ ಯಾವುದಕ್ಕೂ ಅಲುಗುತ್ತಿರಲಿಲ್ಲ.

"ಊರಲ್ಲಿಲ್ಲ ಅಂತ ಹೇಳ್ಲಾ?"

"ಬೇಡ. ಚಹಾಕ್ಕೆ ನೀರಿಡು."

ಶಿಗೆನೊ ಅವನ ಸಹಾಯಕಿ. ಚಿತ್ರದಲ್ಲಿ ರಕ್ತ ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಕಪ್ಪು ಶಾಯಿ ತುಂಬುವುದು ಅವಳ ಕೆಲಸ. "ಸಂಜೆ ಸಂಪಾದಕರು ಪುಟ ಒಯ್ಯೋಕೆ ಬರ್ತಾರೆ, ನೆನಪಿರಲಿ. ಕಣ್ಣೀರು ಒರೆಸ್ತಾ ಕೂತ್ಕೋಬೇಡಿ," ಎಂದು ಗೊಣಗುತ್ತ ಒಲೆ ಹಚ್ಚಿದಳು.

ವಾರಪತ್ರಿಕೆಯಲ್ಲಿ ಇನುಯಿಯ ಚಿತ್ರಕಥೆ ಭರ್ಜರಿಯಾಗಿ ಓಡುತ್ತಿತ್ತು. ಶಾಲಾ ಹುಡುಗನೊಬ್ಬ ತನ್ನ ತರಗತಿಯ ಹುಡುಗಿಯನ್ನು ಕೊಲ್ಲುತ್ತಾನೆ. ಓದುಗರು ಆ ಹುಡುಗನಿಗೆ ಮರುಳಾಗಿದ್ದರು; ಅವನ ಹುಟ್ಟುಹಬ್ಬಕ್ಕೆ ಚಾಕೊಲೇಟು ಕಳಿಸಿದ್ದರು. ಹೆಸರು, ಊರು ಎಲ್ಲ ಬದಲಾಯಿಸಿದ್ದರೂ ಉತ್ತರದ ಸಣ್ಣ ಊರೊಂದರಲ್ಲಿ ಇದು ನಿಜಕ್ಕೂ ನಡೆದದ್ದೆಂದು ಗೊತ್ತಿದ್ದವರಿಗೆ ಗೊತ್ತಿತ್ತು.

ಹೋದ ವಾರ ಈಕೆ ಬಾಗಿಲಲ್ಲಿ ನಿಂತು, "ನೀವು ಬರೀತಿರೋದು ನನ್ನ ಮಗೂ ಕಥೆ," ಎಂದಿದ್ದಳು. ಮುಂದಿನ ಮಾತು ಬರುವ ಮೊದಲೇ ಇನುಯಿ ಮಂಡಿಯೂರಿ ಹಣೆಯನ್ನು ಚಾಪೆಗೆ ಹಚ್ಚಿಬಿಟ್ಟಿದ್ದ. ಕ್ಷಮೆ ಕೇಳುವುದರಲ್ಲಿ ಆಸಾಮಿ ನಿಸ್ಸೀಮ. ತಲೆ ಎತ್ತುವಷ್ಟರಲ್ಲಿ ಆಕೆ ಹೊರಟುಹೋಗಿದ್ದಳು.

ಇವತ್ತು ಆಕೆ ಒಳಗೆ ಬಂದಳು. ಮೆತ್ತೆ ಬಿಟ್ಟು ಚಾಪೆಯ ಅಂಚಿಗೆ ಕೂತಳು. ಸಿಹಿಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಮುಂದಿಟ್ಟಳು. ಮಾಸ್ಕ್ ತೆಗೆಯಲಿಲ್ಲ, ಚಹಾ ಮುಟ್ಟಲಿಲ್ಲ.

"ಈಗಲೂ ಆ ಊರಲ್ಲೇ ಇದ್ದೀರಾ ಅಮ್ಮ?"

"ಅಯ್ಯೋ, ಎಲ್ಲಿ ಇರೋಕೆ ಬಿಟ್ರು? ಮನೆ ಮೇಲೆ ಮನೆ ಬದಲಾಯಿಸಿದೆ. ಹೋದಲ್ಲೆಲ್ಲ ಪೇಪರಿನವರು."

"ನೋಡೋಕೆ... ಹೋಗ್ತಿರ್ತೀರಾ?"

"ತಿಂಗಳಿಗೊಂದು ಸಲ. ಎದುರಿಗೆ ಕೂತು ನಾನೇ ಮಾತಾಡ್ತೀನಿ. ಆ ಕಡೆಯಿಂದ ಏನೂ ಇಲ್ಲ."

ಸಮಾಧಿಯ ಕಲ್ಲಿಗೆ ನೀರು ಹೊಯ್ಯುವ ಆಕೆಯ ಕೈಗಳನ್ನು ಇನುಯಿ ಕಲ್ಪಿಸಿಕೊಂಡ. ಕರುಳು ಚುರ್ ಎನ್ನಬೇಕಿತ್ತು. ಏನೂ ಆಗಲಿಲ್ಲ. ಒಳಗೆಲ್ಲ ಜೋಮು ಹಿಡಿದ ಹಾಗಿತ್ತು.

ಆಕೆಯ ಕಣ್ಣು ಮೇಜಿನ ಮೇಲಿನ ಪುಟಕ್ಕೆ ಹೋಯಿತು. ಕೊಲೆಗಾರನ ಬಾಲ್ಯ. ತಾಯಿ ಮೊಟ್ಟೆಯ ಸುರುಳಿ ಮಾಡಿ ಮಗನಿಗೆ ಊಟದ ಡಬ್ಬಿ ಕಟ್ಟುತ್ತಾಳೆ, ಗೇಟಿನಲ್ಲಿ ನಿಂತು ಕೈ ಬೀಸುತ್ತಾಳೆ. ತಾಯಿಗೆ ಮುಖ ಬರೆದಿರಲಿಲ್ಲ.

"ಇಷ್ಟು ಒಳ್ಳೆ ತಾಯಿನಾ?"

"ಯಾವ ಕಾರಣಾನೂ ಸಿಗಬಾರದು ಅಂತ. ಕಾರಣ ಇಲ್ಲದಿದ್ರೇನೇ ಜನ ಹೆದರೋದು ಅಂತಾರೆ ಸಂಪಾದಕರು."

"ಹೊಡೀಲಿ ಅವಳು."

"ಏನಂದ್ರಿ?"

"ಮಗನ್ನ ಹೊಡೀಲಿ. ಚಳೀಲಿ ಬಾಲ್ಕನಿಗೆ ತಳ್ಳಿ ಚಿಲಕ ಹಾಕ್ಲಿ. ಖಾಲಿ ಡಬ್ಬಿ ಕೊಟ್ಟು ಕಳಿಸ್ಲಿ. ಸುಮ್ಸುಮ್ನೆ ಯಾವ ಹುಡುಗನೂ ಹಾಗಾಗಲ್ಲ ಮೇಷ್ಟ್ರೇ. ತಾಯಿ ಏನೋ ಮಾಡಿರ್ತಾಳೆ. ಮಾಡಿರಲೇಬೇಕು!"

ಅಬ್ಬಾ, ಒಬ್ಬ ಹೆತ್ತವಳಿಗೆ ಇನ್ನೊಬ್ಬ ಹೆತ್ತವಳ ಮೇಲೆ ಇಷ್ಟು ಹಗೆಯೇ ಎಂದುಕೊಂಡ ಇನುಯಿ. ನಿಜದ ಕೊಲೆಗಾರನ ತಾಯಿ ತುಂಬಾ ಒಳ್ಳೆಯವಳೆಂದು ನೆರೆಮನೆಯವರು ಹೇಳಿದ್ದನ್ನು ಅವನೇ ಓದಿದ್ದ. ಎಲ್ಲೋ ಬದುಕಿರುವ ಆ ಹೆಂಗಸಿನ ತಲೆಗೆ ಇಲ್ಲದ ಪಾಪ ಕಟ್ಟುವುದು ಸರಿಯಲ್ಲ. ಆದರೆ ಎದುರಿಗೆ ಕೂತವಳ ಮಗುವಿನ ಸಾವನ್ನು ಮಾರಿಕೊಂಡು ತಿಂದದ್ದೂ ಸರಿಯಲ್ಲವಲ್ಲ. ಎರಡು ತಪ್ಪುಗಳಲ್ಲಿ ಯಾವುದು ಚಿಕ್ಕದು? ಯೋಚಿಸಿ ನೋಡಿದ. ಯಾವುದೂ ನೋಯಲಿಲ್ಲ.

ಡಬ್ಬಿಯ ಪುಟವನ್ನು ಹರಿದು ಬುಟ್ಟಿಗೆ ಹಾಕಿದ.

"ಮೇಷ್ಟ್ರೇ, ತಲೆ ಕೆಟ್ಟಿದೆಯಾ ನಿಮಗೆ!" ಎಂದು ಶಿಗೆನೊ ಅಡುಗೆಮನೆಯಿಂದ ಕೂಗಿದಳು.

ಆಕೆ ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಎತ್ತಿದ ಸೌಟು. ಹಿಮ ಬಿದ್ದ ಬಾಲ್ಕನಿಯಲ್ಲಿ ಪುಟ್ಟ ಬರಿಗಾಲು. ಗಾಜಿಗೆ ಒತ್ತಿದ ಪುಟ್ಟ ಅಂಗೈ. ಪ್ರತಿ ಚೌಕ ಮುಗಿದಾಗಲೂ ಆಕೆಯ ಭುಜ ಒಂದಿಷ್ಟು ಇಳಿಯುತ್ತಿತ್ತು, ಹೊರೆ ಇಳಿಸಿದವಳ ಹಾಗೆ. ಕೊನೆಗೆ ತಾಯಿಯ ಮುಖವೊಂದು ಉಳಿಯಿತು.

"ಇದನ್ನ ಖಾಲಿ ಬಿಡ್ಲಾ ಅಮ್ಮ?"

"ಬೇಡ. ಬರೀರಿ. ನೋಡಿದವರಿಗೆಲ್ಲ ಗುರುತು ಹತ್ತಬೇಕು."

"ಅವಳು ಹೇಗಿದ್ದಾಳೋ ನಾನು ನೋಡಿಲ್ಲವಲ್ಲ."

ಆಕೆ ಎದ್ದು ಕಿಟಕಿಯ ಬೆಳಕಿಗೆ ಬಂದು ನಿಂತಳು. ಮಾಸ್ಕ್ ತೆಗೆದು ಮಡಚಿದಳು. ಫೋಟೋ ಸ್ಟುಡಿಯೋದಲ್ಲಿ ಕೂತವರ ಹಾಗೆ ಗಲ್ಲ ಒಂದಿಷ್ಟು ಮೇಲೆತ್ತಿದಳು.

"ನೋಡಿ ಬರ್ಕೊಳ್ಳಿ. ಅವನ ಮೇಲೆ ಒಂದಿನಾನೂ ಕೈ ಎತ್ತಿದವಳಲ್ಲ ನಾನು. 'ಅಮ್ಮ ಹೊಡೀತಿದ್ಳು ಅಂತಾದ್ರೂ ಹೇಳೋ ಮಗನೇ' ಅಂತ ಜೈಲಿನ ಗಾಜಿನ ಮುಂದೆ ಕೂತು ತಿಂಗಳು ತಿಂಗಳೂ ಬೇಡ್ಕೋತೀನಿ."